ಜೊತೆಗಾತಿ ಮರಳಬಾರದು

"ಅವಳು ವಾಪಸ್ ಬರೋದಕ್ಕೆ ಸಾಧ್ಯವೇ ಇಲ್ಲ," ಎಂದ ಬುಕ್ ಬೈಂಡರ್, ಮೂರನೆಯ ಸಲ. "ಹೋದವಳು ಹೋದಳು. ಬಿಟ್ಟುಬಿಡಿ."

ಲೆಕ್ಕದ ಮೇಷ್ಟ್ರು ಬಿಡುವ ಆಸಾಮಿಯಲ್ಲ. ಕೈಲಿದ್ದ ಸೀಮೆಸುಣ್ಣವನ್ನೂ ಕೆಳಗಿಡಲಿಲ್ಲ. ಅದು ಡ್ರೈವಿಂಗ್ ಸ್ಕೂಲಿನ ಮಹಡಿ ಕೋಣೆ. ವಾರವಿಡೀ ಅಲ್ಲಿ ಎಡತಿರುವು, ಬಲತಿರುವುಗಳ ಪಾಠ. ಭಾನುವಾರ ಮಧ್ಯಾಹ್ನ ಮೂರರಿಂದ ಐದರವರೆಗೆ ಮಾತ್ರ ಅದೇ ಕಪ್ಪುಹಲಗೆಯ ಮೇಲೆ ಕಾಲವನ್ನು ಹಿಂದೆ ಮುಂದೆ ಓಡಿಸುತ್ತಿದ್ದರು.

ಆ ಧಾರಾವಾಹಿ ಮುಗಿದು ಹನ್ನೊಂದು ವರ್ಷವಾಗಿತ್ತು. ಕಾಲದ ನದಿಯಲ್ಲಿ ದೋಣಿ ನಡೆಸುವ ಅಂಬಿಗ, ಅವನಿಗೊಬ್ಬಳು ಜೊತೆಗಾತಿ. ಕೊನೆಯ ಕಂತಿನಲ್ಲಿ ಅವಳು ಯಾವುದೋ ಕಾಲದ ದಡದಲ್ಲಿ ಇಳಿದು ಕೈಬೀಸುತ್ತಾಳೆ, ದೋಣಿ ಹೊರಟುಹೋಗುತ್ತದೆ. ಒಂದು ದಡಕ್ಕೆ ದೋಣಿ ಎರಡನೇ ಸಲ ಬರುವ ಹಾಗಿಲ್ಲ, ಅದು ಆ ಕಥೆಯ ನಿಯಮ. ಅಂದು ಅತ್ತವರೆಲ್ಲ ಕಣ್ಣೊರೆಸಿಕೊಂಡು ತಂತಮ್ಮ ಕೆಲಸ ನೋಡಿಕೊಂಡರು. ಮೂವರು ಮಾತ್ರ ಸಂಘ ಕಟ್ಟಿದರು: ಮೇಷ್ಟ್ರು, ಡ್ರೈವಿಂಗ್ ಸ್ಕೂಲಿನ ಯಜಮಾನ, ಔಷಧಿ ಅಂಗಡಿಯ ಅಕ್ಕ.

ಬೈಂಡರ್ ನಾಲ್ಕನೆಯವನಾಗಿ ಸೇರಿದ್ದು ಮೂರು ವರ್ಷದ ಹಿಂದೆ. ಜೊತೆಗಾತಿಯನ್ನು ಇಷ್ಟು ಚೆನ್ನಾಗಿ ನೆನಪಿಟ್ಟುಕೊಂಡವರು ಅವನಿಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಬಂದು ಮೂಲೆಯ ಕುರ್ಚಿಯಲ್ಲಿ ಕೂತು ಕೇಳುತ್ತಿದ್ದ, ಐದಕ್ಕೆ ಎದ್ದು ಹೋಗುತ್ತಿದ್ದ.

ಈಗ ಚಾನೆಲ್‌ನವರೇ ಸಂಘಕ್ಕೆ ಕಾಗದ ಬರೆದಿದ್ದರು. ನಿಯಮ ಮುರಿಯದೆ ಅವಳನ್ನು ಕರೆತರುವ ದಾರಿ ತೋರಿಸಿದರೆ ವಿಶೇಷ ಕಂತೊಂದನ್ನು ಮಾಡುತ್ತಾರಂತೆ, ಅದೇ ನಟಿಯನ್ನು ಹಾಕಿಕೊಂಡು. ಆಕೆ ಆಮೇಲೆ ಯಾವುದರಲ್ಲೂ ನಟಿಸಿರಲಿಲ್ಲ. ಎಲ್ಲಿದ್ದರೂ ಕ್ಯಾಮೆರಾ ಸಮೇತ ಹುಡುಕಿಕೊಂಡು ಹೋಗುವುದು ತಮ್ಮ ಜವಾಬ್ದಾರಿ ಎಂದಿದ್ದರು. ಉತ್ತರ ನಾಳೆಯೊಳಗೆ ಹೋಗಬೇಕು. ಅದರಲ್ಲಿ ನಾಲ್ವರ ಸಹಿಯೂ ಇರಬೇಕು. ಒಬ್ಬರಿಗೆ ಅನುಮಾನವಿದ್ದರೂ ವಾದ ಬಿದ್ದಂತೆ ಎಂಬುದು ಸಂಘದ ಕಟ್ಟುಪಾಡು.

ಆ ಒಬ್ಬ ಯಾವಾಗಲೂ ಬೈಂಡರೇ. ಅದಕ್ಕೇ ಅವನಿಗೆ ಅಡ್ಡಗಾಲು ಅಂತ ಹೆಸರಿಟ್ಟಿದ್ದರು. ಐದು ವಾರದಲ್ಲಿ ಹನ್ನೆರಡು ದಾರಿಗಳನ್ನು ಮುಚ್ಚಿದ್ದ, ಹಳೇ ಪುಸ್ತಕಕ್ಕೆ ರಟ್ಟು ಹಾಕುವಷ್ಟೇ ನಿಧಾನವಾಗಿ. ಸಿಟ್ಟು ಸೆಡವು ಏನೂ ಇಲ್ಲ. ಆ ಉತ್ತರ ಹೋಗಬಾರದು, ಅವನಿಗೆ ಬೇಕಾದದ್ದು ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಬಯಸುವ ತ್ರಾಣ ಅವನಲ್ಲಿ ಉಳಿದಿರಲಿಲ್ಲ.

"ಇದು ಕೇಳಿ," ಎಂದರು ಮೇಷ್ಟ್ರು. "ದೋಣಿ ಬರೋದೇ ಬೇಡ. ಅಂಬಿಗ ಕೊಡೋ ಹಿತ್ತಾಳೆ ಬಿಲ್ಲೆ ಹತ್ತಿರ ಇದ್ದವರು ದೋಣಿ ಇಲ್ಲದೇನೂ ದಾಟಬಹುದು, ಆದರೆ ನೆನಪೆಲ್ಲ ನೀರುಪಾಲು. ಏಳನೇ ಕಂತಲ್ಲೇ ಹೇಳಿದ್ದಾರೆ. ಅಂದ್ರೆ ಅವಳು ಯಾವತ್ತೋ ಬಂದಾಗಿದೆ. ಇಲ್ಲೇ ಎಲ್ಲೋ ಇದ್ದಾಳೆ. ತಾನು ಯಾರು ಅಂತ ಅವಳಿಗೇ ಗೊತ್ತಿಲ್ಲ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಜಮಾನ ಪೆನ್ನಿನ ಮುಚ್ಚಳ ತೆಗೆದು ಬೈಂಡರನ ಮುಂದಿಟ್ಟ.

"ಇವತ್ತಾದರೂ ಕಾಲು ತೆಗೀರಿ ಮಹಾರಾಯರೇ."

ಬೈಂಡರ್ ಹಲಗೆಯನ್ನೇ ನೋಡುತ್ತಿದ್ದ. ಪೆನ್ನನ್ನು ಕೈಗೆ ತೆಗೆದುಕೊಂಡ.

"ಬಿಲ್ಲೆ ಎಲ್ಲಿತ್ತು?" ಎಂದ ಕೊನೆಗೆ.

"ಕೋಟಿನ ಜೇಬಲ್ಲಿ. ಇಳಿಯೋ ಮುಂಚೆ ಹಾಕ್ಕೊಂಡ್ಲಲ್ಲ?"

"ಆ ಕೋಟಿಗೆ ಜೇಬಿಲ್ಲ."

"ಕಣ್ಣಾರೆ ನೋಡಿದ್ದೀನಿ ಕಣ್ರೀ, ಎಡಗಡೆ."

"ಅದು ಬರೀ ಪಟ್ಟಿ. ಜೇಬಿನ ಹಾಗೆ ಕಾಣಲಿ ಅಂತ ಮೇಲೆ ಹೊಲಿದಿದ್ದಾರೆ. ಒಳಗೆ ಬೆರಳೂ ಹೋಗಲ್ಲ. ಬಿಲ್ಲೆ ಕೆಳಗೆ ಬಿದ್ದಿರುತ್ತೆ, ನೋಡಿ."

ಯಜಮಾನ ಪಾಠದ ಟಿವಿಯಲ್ಲಿ ಆ ಕಂತನ್ನು ಹಾಕಿ ಇಂಚಿಂಚಾಗಿ ಓಡಿಸಿದ. ಜೊತೆಗಾತಿಯ ಕೈ ಕೋಟಿನತ್ತ ಹೋಯಿತು, ಖಾಲಿಯಾಗಿ ಮರಳಿತು. ಅವಳ ಕಾಲ ಬುಡದ ಮರಳಿನಲ್ಲಿ ಹಳದಿಯದೊಂದು ಚುಕ್ಕೆ. ಹನ್ನೊಂದು ವರ್ಷ ಮೂವರೂ ಅವಳ ಮುಖ ನೋಡಿ ಅತ್ತಿದ್ದರೇ ಹೊರತು ಕೆಳಗೆ ಕಣ್ಣು ಹಾಯಿಸಿರಲಿಲ್ಲ.

ಮೇಷ್ಟ್ರು ಹಲಗೆ ಒರೆಸಿದರು. "ನಿಮ್ಮದು ಕಣ್ಣಲ್ಲ ಬಿಡಿ, ಭೂತಗನ್ನಡಿ. ಕೋಟಿನ ಹೊಲಿಗೆ ಕೂಡ ಕಾಣುತ್ತಲ್ಲ ನಿಮಗೆ."

"ಸೂಜಿ ದಾರದ ಕೆಲಸದವನು," ಎಂದ ಬೈಂಡರ್. "ಹೊಲಿಗೆ ಕಡೆಗೇ ಕಣ್ಣು ಹೋಗುತ್ತೆ."

ಸಹಿಯಿಲ್ಲದ ಹಾಳೆಯನ್ನು ಯಜಮಾನ ನಾಲ್ಕು ಮಡಿಕೆ ಮಾಡಿ ಮೇಜಿನ ಖಾನೆಗೆ ತುರುಕಿದ. ಅಲ್ಲಿಗೆ ಆ ಕಥೆ ಮುಗಿಯಿತು.

ಮೆಟ್ಟಿಲಿಳಿಯುವಾಗ ಅಕ್ಕ ಜೊತೆಗೆ ಬಂದಳು. "ಅವರಿಬ್ಬರಿಗೆ ನಿಮ್ಮ ಮೇಲೆ ಬೇಜಾರು. ನನಗೆ ಅರ್ಥ ಆಗುತ್ತಪ್ಪ. ಮನೆಯವರು ಹುಷಾರಾಗಿದ್ದಾಗ ಇಬ್ಬರೂ ಕೂತು ನೋಡಿದ ಕಂತು. ಅದು ಹಾಗೇ ಇರಲಿ ಅಂತ ನಿಮ್ಮಾಸೆ, ಅಲ್ವೇ?"

"ಹಾಗೇ ಅಂದ್ಕೊಳ್ಳಿ ಅಕ್ಕ."

ಗೆದ್ದದ್ದಕ್ಕೆ ಅವನಿಗೆ ಸಮಾಧಾನವಾಗಬೇಕಿತ್ತು. ಏನೂ ಆಗಲಿಲ್ಲ. ಸಿಗ್ನಲ್ಲಿನಲ್ಲಿ ಹಸಿರು ಬಂದರೂ ಅಲ್ಲೇ ನಿಂತಿದ್ದ. ಹಿಂದಿನವರು ಹಾರ್ನ್ ಹೊಡೆದ ಮೇಲೆ ಗಾಡಿ ಮುಂದೆ ಬಿಟ್ಟ.

ಮನೆಯಲ್ಲಿ ಹೆಂಡತಿಯ ಅಕ್ಕ ಹೊರಡಲು ಚಪ್ಪಲಿ ಮೆಟ್ಟಿ ಕಾಯುತ್ತಿದ್ದಳು.

"ಊಟ ಮಾಡಿದ್ಲು. ಟಿವಿ ಹಾಕಿ ಕೂರಿಸಿದ್ದೀನಿ. ಅದೊಂದು ಹಾಕಿದ್ರೆ ತಂಟೆ ಮಾಡಲ್ಲ."

"ಸರಿ ಅತ್ತಿಗೆ, ನೀವು ಹೊರಡಿ."

ಬೈಂಡರ್ ಬಾಗಿಲಿಗೆ ಚಿಲಕ ಹಾಕಿ, ಒಳಗೆ ಹೋಗಿ ಹೆಂಡತಿಯ ಪಕ್ಕ ಕೂತ. ಅವಳು ಸ್ವಲ್ಪ ಸರಿದು, ಪರಿಚಯವಿಲ್ಲದವರಿಗೆ ಮಾಡುವ ಹಾಗೆ ಮರ್ಯಾದೆಯಿಂದ ಜಾಗ ಮಾಡಿಕೊಟ್ಟಳು. ಪರದೆಯ ಮೇಲೆ ದೋಣಿ ದೂರವಾಗುತ್ತಿತ್ತು, ಜೊತೆಗಾತಿ ಕೈಬೀಸುತ್ತಿದ್ದಳು.

"ಪಾಪ, ಎಷ್ಟು ಚೆನ್ನಾಗಿ ಮಾಡ್ತಾಳೆ," ಎಂದಳು ಹೆಂಡತಿ. "ಎಲ್ಲೋ ನೋಡಿದ ಹಾಗಿದೆ. ಯಾರವಳು?"

"ನೀನೇ," ಎಂದ ಬೈಂಡರ್.