ನಿಲ್ಲಿಸಬಾರದ ಇಂಜಿನ್

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಗಂಗೊಳ್ಳಿಯ ಬೋಟುಗಳೆಲ್ಲ ಕಡಲಿಗಿಳಿಯುವ ಮೊದಲ ಬೆಳಗಿನಲ್ಲಿಯೇ ಬಚ್ಚನ ಬೋಟಿನ ಚಿಕ್ಕ ಇಂಜಿನ್ ಮಿಸುಕದೆ ಕುಳಿತಿತು. ಬ್ಯಾಟರಿಗಳಿಗೆ ವಿದ್ಯುತ್ತು ತುಂಬಿಸುವುದು ಅದರ ಕೆಲಸ. ಆ ಬ್ಯಾಟರಿಗಳ ಬಲದಿಂದಲೇ ದೊಡ್ಡ ಇಂಜಿನ್ ಹೊತ್ತಿಕೊಳ್ಳಬೇಕು. ದೊಡ್ಡದರ ಡೈನಮೊ ಕೆಟ್ಟು ವರ್ಷಗಳಾಗಿದ್ದವು. ಈಗ ಉಪ್ಪುಗಾಳಿ ಕುಡಿದು ಚಿಕ್ಕದೂ ಬಿಗಿದುಕೊಂಡಿತ್ತು, ಬ್ಯಾಟರಿಗಳು ಬತ್ತಿ ಹೋಗಿದ್ದವು.

ಬಚ್ಚನ ಮಗ ಅನೂಪ್ ಅದನ್ನು ಬಿಚ್ಚಿ ನೋಡಿದನು. ಅವನು ಮುಂಬಯಿಯಲ್ಲಿ ವಿಮಾನಗಳ ದುರಸ್ತಿ ಮಾಡುವವನು. ರಜೆಯ ಮೇಲೆ ಊರಿಗೆ ಬಂದಿದ್ದನು.

"ಇದ್ರ ಸಾಮಾನ್ ಕುಂದಾಪುರದಿಂದ ತರ್ಕ್ ಅಪ್ಪಯ್ಯ. ಇವತ್ತ್ ಹೋಪುದ್ ಬ್ಯಾಡ."

ಬಚ್ಚನಿಗೆ ಅದು ಸಣ್ಣ ಮಾತಾಗಿರಲಿಲ್ಲ. ಮೊದಲ ದಿನ ಬರಿದಾಗಿ ಮರಳಿದ ಬೋಟಿನಲ್ಲಿ ಒಳ್ಳೆಯ ಆಳುಗಳು ನಿಲ್ಲುವುದಿಲ್ಲ; ಮಾರನೆಯ ದಿನವೇ ಬೇರೆ ಬೋಟು ಹತ್ತುತ್ತಾರೆ. ಅವನ ಆಳುಗಳು ಆಗಲೇ ಅಕ್ಕಪಕ್ಕದ ಬೋಟುಗಳತ್ತ ಕಣ್ಣು ಹಾಯಿಸುತ್ತಿದ್ದರು.

"ನಿಮ್ಮ ವಿಮಾನದಗೂ ಇಂಥದೇ ಒಂದ್ ಚಿಕ್ಕದ್ ಇತ್ತ್ ಅಂದಿದ್ಯಲೆ?" ಎಂದು ಅವನು ಕೇಳಿದನು.

"ಇತ್ತ್, ಬಾಲದಗೆ. ಬ್ಯಾಟರಿ ಆ ಚಿಕ್ಕದನ್ನ ತಿರ್ಗಿಸತ್ತ್. ಚಿಕ್ಕದ್ ಒಳಗೆಲ್ಲ ಕರೆಂಟ್ ಕೊಡತ್ತ್, ಜೋರಾಗಿ ಗಾಳಿ ಒತ್ತಿ ಕೊಡತ್ತ್. ಆ ಗಾಳಿ ನುಗ್ಗಿಯೇ ರೆಕ್ಕೆ ಅಡಿಯ ದೊಡ್ಡ ಇಂಜಿನ್ ತಿರ್ಗುಕೆ ಶುರು ಆಪುದ್. ದೊಡ್ಡದ್ ಹೊತ್ಕಂಡ್ ಮೇಲೆ ಚಿಕ್ಕದನ್ನ ನಿಲ್ಸ್ತ್ರ್."

"ಅದ್ ಹಾಳಾರೆ ವಿಮಾನ ಹಾರುದಿಲ್ಯಾ?"

ಇಲ್ಲ ಎಂದುಬಿಟ್ಟರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ತನ್ನ ಕಸುಬಿನ ವಿಷಯದಲ್ಲಿ ಸುಳ್ಳಾಡಲು ಅನೂಪನ ನಾಲಗೆ ಒಪ್ಪಲಿಲ್ಲ.

"ಹಾರತ್ತ್. ನೆಲದ್ ಮೇಲಿನ ಗಾಡಿ ತಂದ್, ಹೊರಗಿಂದ ಗಾಳಿ, ಕರೆಂಟ್ ಕೊಟ್ಟ್ ಹೊತ್ಸ್ತ್ರ್. ಆದ್ರೆ ಇಳ್ದಲ್ಲಿ ಮತ್ತೊಂದ್ ಗಾಡಿ ಬಪ್ಪತನಕ ಒಂದ್ ಇಂಜಿನ್ ಆದ್ರೂ ತಿರ್ಗ್ತಾ ಇರ್ಕ್, ನಿಲ್ಸೂಕಿಲ್ಲೆ."

"ಅಷ್ಟೇ ಅಲ್ದಾ! ನಾವೂ ನಿಲ್ಸುದಿಲ್ಲೆ."

"ಅಳಿಯ, ನಿನ್ ಬಾಯಿಂದ್ಲೇ ಹೊರಡಿಸ್ದ ಕಾಣ್ ನಿನ್ನಪ್ಪ!" ಎಂದು ದೇವು ನಕ್ಕನು. ಅವನು ಅನೂಪನ ಸೋದರಮಾವ. ಬೋಟಿನ ಅಡಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ನೀರಿಗಿಳಿಯುವ ಮುಳುಗುಗಾರ.

ಪಕ್ಕದ ಬೋಟಿನ ಪ್ರೇಮಾನಂದನ ಬ್ಯಾಟರಿಯಿಂದ ತಂತಿಯೆಳೆದು ದೊಡ್ಡ ಇಂಜಿನನ್ನು ಹೊತ್ತಿಸಿದರು. ತಾನಾಡಿದ ಮಾತಿನ ಮೇಲೆ ಹೊರಟ ಬೋಟನ್ನು ದಡದಲ್ಲಿ ನಿಂತು ಕಳುಹಿಸಲಾರದೆ ಅನೂಪನೂ ಹತ್ತಿಕೊಂಡನು.

ಹೊಳೆ ಕಡಲು ಸೇರುವ ಅಳಿವೆ ದಾಟಿ ಬಹುದೂರ ಹೋದ ಮೇಲೆ ನೀರಿನ ಬಣ್ಣ ಒಂದೆಡೆ ಕಪ್ಪಾಗಿ ಕಂಡಿತು. ಬಂಗುಡೆ ಮೀನಿನ ಹಿಂಡು. ಬಚ್ಚನು ಬೋಟನ್ನು ಅತ್ತ ತಿರುಗಿಸಿದನು. ಆಳುಗಳು ಬಲೆಗೆ ಕೈಹಾಕಿದರು. ಬಲೆ ಇನ್ನೂ ನೀರಿಗೆ ಬಿದ್ದಿರಲಿಲ್ಲ, ಅಷ್ಟರಲ್ಲಿ ಬೋಟು ನಡುಗಿ ನಿಂತಿತು. ಮಳೆಗಾಲದಲ್ಲಿ ಯಾರದೋ ಕೈತಪ್ಪಿ ತೇಲಿ ಬಂದ ಹರಕು ಬಲೆಯೊಂದು ಬೋಟನ್ನು ಮುಂದೆ ತಳ್ಳುವ ಅಡಿಯ ಪಂಕಕ್ಕೆ ಸುತ್ತಿಕೊಂಡಿತ್ತು. ಪಂಕ ತಿರುಗದಂತೆ ಬಚ್ಚನು ಗೇರನ್ನು ತಪ್ಪಿಸಿದನು. ಇಂಜಿನ್ ಮಾತ್ರ ಒಂದೇ ಸಮನೆ ಗುಡುಗುಡಿಸುತ್ತಿತ್ತು.

ದೇವು ಅಂಗಿ ಕಳಚಿ, ಚಾಕು ಹಿಡಿದು ಹಿಂಬದಿಯ ಅಂಚಿಗೆ ಬಂದು ನಿಂತನು. ಆದರೆ ಹಾರಲಿಲ್ಲ. ಬಚ್ಚನ ಮುಂದೆ ಅಂಗೈ ಚಾಚಿದನು. ಬೋಟಿನ ಅಡಿಗಿಳಿಯುವವನ ಕೈಗೆ ಇಂಜಿನ್ನಿನ ಕೀಲಿ ಕೊಟ್ಟೇ ಅವನನ್ನು ನೀರಿಗಿಳಿಸಬೇಕು. ಅವನಾಗಿಯೇ ಮೇಲೆ ಬಂದು ಮರಳಿಸುವ ತನಕ ಯಾರೂ ಅದನ್ನು ಕೇಳುವಂತಿಲ್ಲ. ಆ ಬೋಟಿನಲ್ಲಿ ಈ ಕಟ್ಟಳೆಯನ್ನು ಮಾಡಿದವನು ಬಚ್ಚನೇ.

"ನ್ಯೂಟ್ರಲ್ ಹಾಕಿದ್ದೆ ಮಾರಾಯಾ. ಪಂಕ ತಿರ್ಗುದಿಲ್ಲೆ."

"ನಿಂಗ್ ಗೊತ್ತಿತ್ತ್ ಬಾವ, ನಂಗೂ ಗೊತ್ತಿತ್ತ್. ಪಂಕಕ್ಕೆ ಗೊತ್ತಿತ್ತಾ?"

"ನಿಲ್ಸಿರೆ ಮತ್ತ್ ಹೊತ್ತತ್ತಾ? ಬಂಗುಡೆ ಕಾಣ್, ಕೈಯಳತೆಗಿತ್ತ್!"

"ಬಂಗುಡೆ ಬ್ಯಾಡ ಅಂತ ನಾನೆಲ್ ಹೇಳ್ದೆ?"

ಚಾಚಿದ ಕೈ ಹಾಗೆಯೇ ಇತ್ತು. ಆಳುಗಳು ಬಲೆ ಹಿಡಿದು ಕಾಯುತ್ತಿದ್ದರು. ಬಚ್ಚನು ಮಗನ ಕಡೆ ತಿರುಗಿದನು.

"ನೀವ್ ಎಂತ ಮಾಡ್ತ್ರಿ ಅಲ್ಲಿ, ವಿಮಾನದಗೆ? ಹೇಳ್."

"ತಿರ್ಗುವ ಇಂಜಿನ್ ಹತ್ರ ನಾವ್ ಜನ ಬಿಡುದಿಲ್ಲೆ ಅಪ್ಪಯ್ಯ," ಎಂದನು ಅನೂಪ್. "ಮತ್ತೆ, ಹಾರುವಾಗ ವಿಮಾನದ ಅಡಿಗೆ ಇಳುವವ ಯಾರೂ ಇಲ್ಲೆ. ಇಲ್ಲಿ ಮಾವ ಇದ್ದ."

ಬಚ್ಚನು ಇಂಜಿನ್ ನಿಲ್ಲಿಸುವ ಹಿಡಿಕೆಯನ್ನು ಎಳೆದನು. ಇಂಜಿನ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮರದ ಒಡಲಿಗೆ ನೀರು ಬಡಿಯುವ ಸದ್ದು ಎಲ್ಲರಿಗೂ ಕೇಳಿಸಿತು. ಅವನು ಕೀಲಿಯನ್ನು ಕಿತ್ತು ದೇವುವಿನ ಅಂಗೈಯಲ್ಲಿಟ್ಟನು. ದೇವು ಅದನ್ನು ಉಡಿದಾರಕ್ಕೆ ಬಿಗಿದು, ಚಾಕುವನ್ನು ಹಲ್ಲಿನಲ್ಲಿ ಕಚ್ಚಿ ನೀರಿಗೆ ಹಾರಿದನು.

ಬಂಗುಡೆಯ ಕಪ್ಪು ನೆರಳು ಮೆಲ್ಲನೆ ತುಸು ದೂರದಲ್ಲಿದ್ದ ಪ್ರೇಮಾನಂದನ ಬೋಟಿನತ್ತ ಸರಿಯುತ್ತಿತ್ತು. ಬಚ್ಚನು ಆ ಕಡೆ ನೋಡಲಿಲ್ಲ. ಬೇರೆ ಬೋಟಿನಿಂದ ಎಳೆಸಿಕೊಳ್ಳುವ ಹಗ್ಗದ ಸುರುಳಿಯನ್ನು ತಾನೇ ಹೊರಗೆಳೆದು, ಅದರ ತುದಿಯನ್ನು ಮುಂಭಾಗದ ಗೂಟಕ್ಕೆ ಬಿಗಿಯತೊಡಗಿದನು.