ನೀಲಿ ಬಣ್ಣದ ನಾಲ್ಕು ಎಕರೆ

"ಎರಡೇ ಎಕರೆ ಅಂತ ಬರ್ದೀರಾ, ಜೋಕೆ!" ಸರ್ವೆಗೆ ಬಂದಿದ್ದ ಶಿಲ್ಪಳ ಟ್ಯಾಬಿನ ಮೇಲೆ ಮಾಯಣ್ಣ ಬಗ್ಗಿಯೇಬಿಟ್ಟ. "ಮುಳುಗಿದ್ದು ನಾಕೆಕರೆ. ರಾಗೀನೂ ಹೋಯ್ತು, ತೆಂಗಿನ ಸಸೀನೂ ಹೋಯ್ತು."

ಕಂದಿಕೆರೆ ಕಡೆಯ ಆ ಹಳ್ಳಿಯಲ್ಲಿ ಮಳೆ ನಿಂತು ಹತ್ತು ದಿನವಾಗಿತ್ತು. ಈ ಸಲ ಬೆಳೆಹಾನಿಯನ್ನು ಉಪಗ್ರಹದ ಚಿತ್ರ ನೋಡಿ ಅಳೆಯುತ್ತಾರಂತೆ, ನೀಲಿ ಕಂಡಷ್ಟಕ್ಕೂ ಪರಿಹಾರವಂತೆ ಎಂದು ಊರೆಲ್ಲ ಸುದ್ದಿ. ಮಾಯಣ್ಣನಿಗೆ ಒಂದೇ ಹಟ. ನಾಲ್ಕಕ್ಕೆ ನಾಲ್ಕೂ ಎಕರೆ ಸರ್ಕಾರದ ಕಾಗದದಲ್ಲಿ ತನ್ನ ಹೆಸರಿಗೆ ಬೀಳಬೇಕು.

ಪಕ್ಕದ ಹೊಲದ ರಾಜಣ್ಣ ಅರ್ಧ ಎಕರೆ ಬರೆಸಿ ಬದುವಿನ ಮೇಲೆ ತೆಪ್ಪಗೆ ಕೂತಿದ್ದ. ಅವನನ್ನು ಕಂಡರೆ ಮಾಯಣ್ಣನಿಗೆ ಅಸಡ್ಡೆ. ಸಾವಿರ ಅಡಿ ಬೋರು ಕೊರೆಸಿ ಧೂಳು ತಿಂದ ಪೆದ್ದ! ಮಾಯಣ್ಣನ ಸಸಿಗಳಿಗೆ ಬೋರೂ ಬೇಕಿರಲಿಲ್ಲ, ಗೊಬ್ಬರವೂ ಬೇಕಿರಲಿಲ್ಲ. ನಡುಬೇಸಿಗೆಯಲ್ಲೂ ಕಪ್ಪು ಮಣ್ಣು ಕಾಲಿಗೆ ತಣ್ಣಗೆ ಅಂಟುತ್ತಿತ್ತು. ನಾಲ್ಕೇ ವರ್ಷದಲ್ಲಿ ಸಸಿಗಳು ಆಳೆತ್ತರಕ್ಕೆ ಎದ್ದಿದ್ದವು. "ಬೇಸಾಯಕ್ಕೆ ತಲೆ ಬೇಕು ಕಣ್ಲಾ" ಎಂದು ಅವನು ಸಿಕ್ಕಸಿಕ್ಕವರಿಗೆಲ್ಲ ಬುದ್ಧಿ ಹೇಳಿದ್ದೇ ಹೇಳಿದ್ದು.

ಶಿಲ್ಪ ಚಿತ್ರವನ್ನು ದೊಡ್ಡದು ಮಾಡಿದಳು. ತೋಟಗಳ ಹಸಿರಿನ ನಡುವೆ ಅಗಲವಾದ ನೀಲಿ.

"ನೀರು ಕಾಣ್ತಿರೋ ಈ ಜಾಗ ಪೂರ್ತಿ ನಿಮ್ಮ ಹೊಲಾನಾ?"

"ಪೂರ್ತಿ ನಂದೇ ಕಣಮ್ಮ. ಆಕಾಶದಿಂದ ತೆಗ್ದಿರೋ ಪಟ ಸುಳ್ಳು ಹೇಳ್ತದಾ?"

"ಹೇಳಲ್ಲ. ಕೆಳಗೆ ತಾರೀಖಿದೆ, ನೋಡ್ಕೊಂಡು ಗುರುತು ಹಾಕಿ."

"ತಾರೀಖು ಕಟ್ಕೊಂಡು ನಂಗೇನು? ಸೈನ್ ಎಲ್ಲಿ ಹಾಕ್ಲಿ, ಅದನ್ನೇಳು."

ರಾಜಣ್ಣ ಕೆಮ್ಮಿದ. "ಮಾಯಣ್ಣ, ಒಸಿ ತಡಿಯಪ್ಪ..."

"ಹೊಟ್ಟೆ ಉರ್ಕೋಬೇಡ ಬುಡ್ಲಾ. ನಿನ್ನಂಗೆ ಅರ್ಧ ಎಕರೆಗೆ ಕೈ ಒಡ್ಡೋ ಜಾತಿಯಲ್ಲ ನಾನು."

ಮಾಯಣ್ಣ ನೀಲಿಯ ಅಂಚಿನಗುಂಟ ಬೆರಳೆಳೆದ. ಒಂದು ಗುಂಟೆಯನ್ನೂ ಬಿಡಲಿಲ್ಲ. ಇಷ್ಟೂ ಜಾಗ ನನ್ನ ಸ್ವಾಧೀನದಲ್ಲಿದೆ ಎಂಬ ಸಾಲಿನ ಕೆಳಗೆ ದಪ್ಪಕ್ಷರದಲ್ಲಿ ಸಹಿ ಹಾಕಿ, ರಾಜಣ್ಣನ ಕಡೆಗೊಮ್ಮೆ ಗೆದ್ದವನ ನಗೆ ನಕ್ಕ.

"ಈ ಮಳೆಯ ಚಿತ್ರ ಇನ್ನೂ ನಮ್ಮ ಕೈಗೆ ಬಂದೇ ಇಲ್ಲ," ಎಂದು ಶಿಲ್ಪ ಟ್ಯಾಬು ಮುಚ್ಚಿದಳು, "ಇದು ಹೋಲಿಸೋಕೆ ಇಟ್ಕೊಂಡಿರೋ ಐದು ವರ್ಷದ ಹಿಂದಿನ ಚಿತ್ರ. ನೀವು ಮಣ್ಣು ತುಂಬಿ ಹೊಲ ಮಾಡ್ಕೊಳ್ಳೋ ಮುಂಚೆ ಊರಿನ ಕೆರೆ ಇಷ್ಟಿತ್ತು."