ಐದು ಗಂಟೆಯ ಫೋನು

ಬೆಳಗಿನ ಐದಕ್ಕೆ ಸರಿಯಾಗಿ ಫೋನು ಬಡಿದುಕೊಂಡಿತು. ರೇವಮ್ಮ ಹಾಲು ಕರೆಯುವುದನ್ನು ಅರ್ಧಕ್ಕೇ ಬಿಟ್ಟು ಓಡಿಬಂದಳು. ಮರುದೇವಿ ಮೇಡಂ ಅಲ್ಲದೆ ಇನ್ಯಾರು? ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ನುಗ್ಗೇಹಳ್ಳಿಯಲ್ಲಿ ಕೋಳಿಗಿಂತ ಮೊದಲು ಕೂಗುವವರು ಅವರೇ. ಹತ್ತನೇ ಕ್ಲಾಸಿನ ಒಂದೊಂದು ಮನೆಗೂ ಫೋನು ಮಾಡಿ, ಮಕ್ಕಳನ್ನು ಪುಸ್ತಕದ ಮುಂದೆ ಕೂರಿಸುವವರೆಗೂ ಅವರ ಗಂಟಲಲ್ಲಿ ಕಾಫಿ ಇಳಿಯುವುದಿಲ್ಲ.

"ಅಜ್ಜಿ, ನೇತ್ರಾ ಎದ್ದಿದ್ದಾಳಾ?"

ಮೊಮ್ಮಗಳು ಕಂಬಳಿಯೊಳಗೆ ಗೊರಕೆ ಹೊಡೆಯುತ್ತಿದ್ದಳು. ಪ್ರಿಪರೇಟರಿಯಲ್ಲಿ ವಿಜ್ಞಾನ ಡುಮ್ಕಿ. ಇನ್ನೊಂದು ಸಲ ಹೀಗಾದರೆ ಕಾಲೇಜಿನ ಮಾತೇ ಇಲ್ಲ ಎಂದು ಅವಳಪ್ಪ ಗುಡುಗಿಯಾಗಿತ್ತು. ರೇವಮ್ಮನಿಗೆ ಆ ಹೆದರಿಕೆ ಇಲ್ಲದಿಲ್ಲ. ಆದರೆ ಮಲಗಿದ ಮಗುವಿನ ಮುಖ ನೋಡಿದರೆ ಕರುಳು ಚುರ್ ಎನ್ನುತ್ತಿತ್ತು.

"ಆಗ್ಲೇ ಎದ್ದವ್ಳೆ ಮೇಡಮ್ಮೋರೆ, ಮಕ ತೊಳೀತಾವ್ಳೆ," ಎನ್ನುತ್ತ ಚೊಂಬಿನ ನೀರನ್ನು ಜಗಲಿಯಿಂದ ದಬದಬ ಸುರಿದಳು.

"ಸರಿ, ಕಾಯ್ತೀನಿ. ಬಂದು ಪಾಠ ಓದಲಿ, ನಾನು ಕೇಳಿಸ್ಕೊಳ್ತೀನಿ."

ಬಂತಲ್ಲ ಗ್ರಹಚಾರ! ರೇವಮ್ಮ ಸೆರಗಿನಿಂದ ಬಾಯಿ ಮುಚ್ಚಿ, ದನಿ ಸಣ್ಣ ಮಾಡಿ, ತನಗೆ ಬಾಯಿಪಾಠವಿದ್ದ ಒಂದೇ ಒಂದನ್ನು ಗಡಗಡ ಒಪ್ಪಿಸತೊಡಗಿದಳು. ಶಿವನ ಅಷ್ಟೋತ್ತರ. ಪಿನಾಕಿ, ಶಶಿಶೇಖರ, ನೀಲಕಂಠ ಎಲ್ಲರೂ ಒಬ್ಬರ ಹಿಂದೊಬ್ಬರು ದಾಟಿಹೋದರು.

ಮೇಡಂ ಜೈನರೇ ಇರಬಹುದು, ಶಿವನ ಹೆಸರು ಗೊತ್ತಾಗದವರೇನಲ್ಲ.

"ಇದು ವಿಜ್ಞಾನದಲ್ಲಿ ಎಷ್ಟನೇ ಪಾಠ, ಅಜ್ಜಿ?"

"ತಪ್ಪಾಯ್ತು ಕಣವ್ವ. ಪಾಪ ಮಗ, ರಾತ್ರೆಲ್ಲ ಓದ್ತಿತ್ತು..."

"ಓದ್ತಿದ್ಳಾ, ಮೊಬೈಲ್ ನೋಡ್ತಿದ್ಳಾ?"

ಆ ಬೆಳಗಿಗೆ ಮೊದಲ ಸಲ ರೇವಮ್ಮ ನಿಜ ಆಡಿದಳು. "ಮೊಬೈಲು."

ಮೇಡಂ ನಕ್ಕೇಬಿಟ್ಟರು. ಬದುಕಿದೆಯಾ ಬಡಜೀವವೇ ಎಂದುಕೊಂಡಳು ರೇವಮ್ಮ. ಹಾಗೆಂದುಕೊಳ್ಳುವವರಿಗೆ ಮರುದೇವಿ ಮೇಡಂ ಇನ್ನೂ ಗೊತ್ತಿಲ್ಲ ಎಂದೇ ಅರ್ಥ.

"ಮಲಗಲಿ ಬಿಡಿ, ಎಬ್ಬಿಸ್ಬೇಡಿ. ನಿಮ್ಮ ಬಾಯಿಪಾಠ ಬಹಳ ಚೆನ್ನಾಗಿದೆ ಅಜ್ಜಿ. ನಾಳೆ ಐದಕ್ಕೆ, ಹೃದಯದಲ್ಲಿ ರಕ್ತ ಹೇಗೆ ಓಡಾಡುತ್ತೆ ಅಂತ ನೀವೇ ಒಪ್ಪಿಸಿ. ನನ್ನ ಕ್ಲಾಸಲ್ಲಿ ಒಂದು ಮನೆಯೂ ಫೇಲಾಗಬಾರದು."

ಮರುದಿನ ಕತ್ತಲಿರುವಾಗಲೇ ನೇತ್ರಾಳ ಕಂಬಳಿ ಹಾರಿಹೋಯಿತು. "ಏಳೇ! ಮೇಡಮ್ಮೋರು ನನ್ನ ಕೇಳ್ತಾರೆ ಕಣೇ, ಬಿರ್‍ರನೆ ಯೋಳ್ಕೊಡೇ!"

ಗೊಣಗುತ್ತಲೇ ನೇತ್ರಾ ಹೃದಯದ ಬಲಗಡೆಯ ಕೋಣೆಗಳನ್ನು ಹೇಳಿದಳು. "ಅಲ್ಲಿಂದ ಎಲ್ಗೋಯ್ತದೆ?" ಎಂದಳು ಅಜ್ಜಿ. ನೇತ್ರಾಳಿಗೆ ಗೊತ್ತಿಲ್ಲ. ಪುಸ್ತಕ ತೆಗೆಯಲೇಬೇಕಾಯಿತು. ಅರ್ಥವಾಗದೆ ಅಜ್ಜಿ ಬಿಡಳು, ಓದಿ ಬಿಡಿಸಿ ಹೇಳದೆ ಮೊಮ್ಮಗಳಿಗೆ ವಿಧಿಯಿಲ್ಲ. ಕೊಟ್ಟಿಗೆಯಲ್ಲಿ ಹಸು ಅಂಬಾ ಎಂದು ಅರಚಿದರೂ ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ.

ಐದಾಯಿತು. ಫೋನು ಬಡಿದುಕೊಂಡಿತು. ನೇತ್ರಾ ಕೈ ಚಾಚುವಷ್ಟರಲ್ಲಿ ರೇವಮ್ಮ ಅದನ್ನು ಕಸಿದು, ರಾಗಿ ಡಬ್ಬದೊಳಗೆ ಹಾಕಿ, ಮುಚ್ಚಳದ ಮೇಲೆ ಗಟ್ಟಿಯಾಗಿ ಕೂತುಬಿಟ್ಟಳು.

"ಎತ್ಬ್ಯಾಡ ಕಣೇ, ಇನ್ನೂ ಎಡಗಡೆ ಆಗಿಲ್ಲ!"